ಅರಸರ ತೋಟದ ಚೆಂಬು

ಹೃದಯಾಘಾತವಾಗಿ ಆಸ್ಪತ್ರೆಯಿಂದ ಮರಳಿದ ಅಪ್ಪನಿಗೆ ಡಾಕ್ಟರು ಹೇಳಿದ್ದು ಒಂದೇ ಮಾತು: ದಿನಾ ಮುಕ್ಕಾಲು ಗಂಟೆ ನಡೆಯಬೇಕು, ಇಲ್ಲವಾದರೆ ಇನ್ನೊಂದು ಸಲ ಉಳಿಸುವುದು ಕಷ್ಟ. ಇದು ತೊಂಬತ್ತರ ದಶಕದ ಕೊನೆಯ ಸಂಗತಿ. ಮೂಡುಬಿದಿರೆಯಲ್ಲಿ ಆಗ ಕೆಲಸವಿಲ್ಲದೆ ನಡೆಯುವವರೇ ಇರಲಿಲ್ಲ. ಪೇಟೆಯಲ್ಲಿ ಹತ್ತು ಹೆಜ್ಜೆ ಇಟ್ಟರೆ ಹತ್ತು ಜನ "ಎಲ್ಲಿಗೆ ಹೊರಟದ್ದು?" ಎನ್ನುತ್ತಿದ್ದರು. ಮೂವತ್ತು ವರ್ಷ ಜವಳಿ ಅಂಗಡಿಯಲ್ಲಿ ಕೂತೇ ಇದ್ದ ಅಪ್ಪನಿಗೆ "ಸುಮ್ಮನೆ" ಎನ್ನಲು ನಾಲಗೆ ಏಳುತ್ತಿರಲಿಲ್ಲ. ಮೀನು ತರುವವರ ಹಾಗೆ ಖಾಲಿ ಚೀಲ ಹಿಡಿದು ಎರಡು ದಿನ ಹೋದರು. ಮೂರನೆಯ ದಿನ ಅದೂ ನಿಂತಿತು.

"ಕೆಲಸ ಇಲ್ಲದೆ ತಿರುಗಲಿಕ್ಕೆ ನನಗೇನು ಮಂಡೆ ಸಮ ಇಲ್ಲವಾ?"

ಬೈದೆ, ಅತ್ತೂಬಿಟ್ಟೆ. ಅಪ್ಪ ಜಗ್ಗಲಿಲ್ಲ. ಕೊನೆಗೆ ಪೇಟೆಯಾಚೆ, ಕೆರೆ ಬದಿಯಲ್ಲಿದ್ದ ಅರಸರ ಕಾಲದ ತೋಟಕ್ಕೆ ಎಳೆದುಕೊಂಡು ಹೋದೆ. ಉದ್ದಕ್ಕೂ ಕಲ್ಲು ಹಾಸಿದ ದಾರಿ, ಎರಡೂ ಬದಿ ನಾಗಸಂಪಿಗೆ. ಇಷ್ಟು ಚಂದದ ಜಾಗದಲ್ಲಿ ಅಪ್ಪ ಮಾಡಿದ್ದೇನು? ಕೆರೆಯ ಮೆಟ್ಟಿಲ ಮೇಲೆ, ಅಂಗಡಿಯಲ್ಲಿ ಕೂತ ಹಾಗೆಯೇ ಕೂತುಬಿಟ್ಟರು.

ಅಲ್ಲಿನ ಮುದಿ ತೋಟಗಾರರು ನನ್ನನ್ನು ಕರೆದು ವಿಷಯ ಕೇಳಿದರು. ಎಲ್ಲ ಹೇಳಿದೆ. ಮರುದಿನ ಅವರು ಒಂದು ಸಣ್ಣ ಹಿತ್ತಾಳೆ ಚೆಂಬು ತಂದು ಅಪ್ಪನ ಕೈಗಿಟ್ಟರು.

"ಧಣಿಗಳೇ, ಆಚೆ ಕೊನೆಯಲ್ಲಿ ಹನ್ನೆರಡು ಸಂಪಿಗೆ ಸಸಿ ಉಂಟು. ನನಗೆ ಗಂಟುನೋವು. ಕೆರೆಯಿಂದ ಒಂದೊಂದು ಚೆಂಬು ನೀರು ತಂದು ಹಾಕ್ತೀರಾ? ದೊಡ್ಡ ಉಪಕಾರ ಆಗ್ತದೆ."

ಅಂದಿನಿಂದ "ಎಲ್ಲಿಗೆ?" ಎಂದವರಿಗೆ ಅಪ್ಪ ಗತ್ತಿನಿಂದಲೇ "ಅರಸರ ತೋಟಕ್ಕೆ, ಕೆಲಸ ಉಂಟು" ಎನ್ನತೊಡಗಿದರು. ಮಳೆಗಾಲದಲ್ಲಿ ನೀರಿನ ಬದಲು ಕಳೆ ಕೀಳುವ ಕೆಲಸ ಬಂತು. ಮನೆಯಲ್ಲಿ ನಮಗೆ ಹೋದ ಜೀವ ಬಂದಂತಾಯಿತು.

ಎರಡು ವರ್ಷದ ಮೇಲೆ ಒಂದು ಸಂಜೆ ಜೊತೆಗೆ ಹೋದಾಗ, ಸಸಿಗಳ ಹಿಂದೆಯೇ ಗೋಡೆಗೆ ತಾಗಿ ಒಂದು ನಲ್ಲಿ ಕಂಡಿತು. ತಿರುಗಿಸಿದೆ. ನೀರು ಭರ್ರನೆ ಬಂತು.

"ಅಪ್ಪಾ, ನೀರು ಇಲ್ಲೇ ಉಂಟಲ್ಲ!"

ಅಪ್ಪ ಓಡಿಬಂದಂತೆ ಬಂದು ನಲ್ಲಿ ಮುಚ್ಚಿ, ದೂರದಲ್ಲಿದ್ದ ತೋಟಗಾರರ ಕಡೆ ನೋಡಿದರು.

"ನನಗೆ ಎರಡನೇ ದಿನವೇ ಗೊತ್ತಾಗಿದೆ. ಅವರಿಗೆ ಹೇಳ್ಬೇಡ. ಪಾಪ, ಬೇಜಾರು ಮಾಡಿಕೊಳ್ತಾರೆ."

ಚೆಂಬು ಹಿಡಿದು ಮತ್ತೆ ಕೆರೆಯತ್ತ ನಡೆದರು.

ಆಮೇಲೂ ಅಪ್ಪ ಹಲವು ವರ್ಷ ನಮ್ಮ ಜೊತೆಗಿದ್ದರು. ಅಷ್ಟು ವರ್ಷಗಳನ್ನು ನಮಗೆ ಕೊಟ್ಟ ಆ ತೋಟಗಾರರಿಗೆ ನಾನು ಬಾಯಿಬಿಟ್ಟು ಒಂದು ಮಾತು ಹೇಳಲಿಲ್ಲ. ಹೇಳಹೊರಟಿದ್ದರೆ ನಲ್ಲಿಯ ವಿಷಯವನ್ನೂ ಹೇಳಬೇಕಾಗುತ್ತಿತ್ತು.