ವಧೂವರರ ಪುಸ್ತಕದಲ್ಲಿ ಅಕ್ಕನ ಮುಖ

ಮಾರೇನಹಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ತಿಥಿ ಕಾರ್ಡು, ಶಾಲೆಗಳ ಪ್ರಶ್ನೆಪತ್ರಿಕೆ, ಜೊತೆಗೆ ವರ್ಷಕ್ಕೊಮ್ಮೆ ನಮ್ಮ ಜನರ ಸಂಘದ ವಧೂವರರ ಪುಸ್ತಕ. ರಾಜಾಜಿನಗರದ ಕಲ್ಯಾಣಮಂಟಪದಲ್ಲಿ ಸಮಾವೇಶ ನಡೆಯುವ ದಿನ ಅದನ್ನು ಹಂಚುತ್ತಿದ್ದರು. ಪುಟಕ್ಕೆ ನಾಲ್ಕು ಹೆಸರು. ನಕ್ಷತ್ರ, ಓದು, ಎತ್ತರ, ಪಕ್ಕದಲ್ಲೊಂದು ಫೋಟೋ. ಅಕ್ಷರದ ತಪ್ಪು ನೋಡುವ ಕೆಲಸ ನನ್ನ ಅಕ್ಕನದು. ಅವಳಿಗೆ ಆಗ ಮೂವತ್ತೊಂದು. ಮೂರು ವರ್ಷದಿಂದ ಅವಳ ಹೆಸರೂ ಆ ಪುಸ್ತಕದಲ್ಲಿ ಇರುತ್ತಿತ್ತು.

ಪುಟ ಕಟ್ಟಲು ನಾನು ಬಳಸುತ್ತಿದ್ದುದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಅದರ ಒಳಗನ್ನು ಓದಬಹುದು, ತಿದ್ದಬಹುದು ಎಂದು ಎಲ್ಲರೆದುರು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಅದರ ಕೊರತೆಯನ್ನು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಚಿತ್ರ ಹಾಕಲು ಹೋದರೆ ಅದು ಕಡತಗಳ ಹೆಸರಿನ ಪಟ್ಟಿ ತೋರಿಸುತ್ತಿತ್ತೇ ಹೊರತು ಮುಖ ತೋರಿಸುತ್ತಿರಲಿಲ್ಲ. ಸ್ಕ್ಯಾನರ್ ಕೊಟ್ಟ ಅಂಕಿಗಳೇ ಹೆಸರು. ನನ್ನ ಹಳೇ ಯಂತ್ರಕ್ಕೆ ಭಾರವಾಗುತ್ತದೆಂದು ಪುಟದ ಮೇಲೂ ಫೋಟೋ ಮರೆಮಾಡಿ, ಬರೀ ಚೌಕಗಳನ್ನು ನೋಡಿಕೊಂಡು ಕೆಲಸ ಮಾಡುತ್ತಿದ್ದೆ. ಹೆಸರು ಬರೆದುಕೊಳ್ಳುತ್ತಿದ್ದ ನೋಟ್‌ಬುಕ್ಕಿನ ಕ್ರಮಸಂಖ್ಯೆಯೂ ಫೋಟೋದ ಸಂಖ್ಯೆಯೂ ಒಂದೇ ಇದ್ದರೆ ಸಾಕು ಎಂಬುದು ನನ್ನ ಲೆಕ್ಕ.

ಆ ವರ್ಷ ಅಕ್ಕನ ಫೋಟೋವನ್ನು ಕೊನೆಗೆ ಉಳಿಸಿಕೊಂಡೆ. ಮನೆಯದೇ ತಾನೆ, ಯಾವಾಗ ಬೇಕಾದರೂ ಆದೀತು ಎಂಬ ಉದಾಸೀನ. ನೋಟ್‌ಬುಕ್ಕಿನಲ್ಲಿ ಅವಳ ಹೆಸರು ಬರೆದೂ ಆಗಿತ್ತು. ಅಷ್ಟರಲ್ಲಿ ಸಂಘದ ಕಾರ್ಯದರ್ಶಿಗಳು ಓಡುತ್ತಾ ಬಂದು ತಡವಾಗಿ ಸಿಕ್ಕ ಇನ್ನೊಬ್ಬ ಹುಡುಗಿಯ ಫೋಟೋ ಕೊಟ್ಟರು. ಅವಳ ಹೆಸರನ್ನು ಅಕ್ಕನದರ ಕೆಳಗೆ ಬರೆದು, ಅವರ ಎದುರೇ ಆ ಫೋಟೋವನ್ನು ಮೊದಲು ಸ್ಕ್ಯಾನ್ ಮಾಡಿದೆ, ಅಕ್ಕನದನ್ನು ಆಮೇಲೆ. ಅಕ್ಕನ ಸಂಖ್ಯೆ ಆ ಹುಡುಗಿಗೆ ಹೋಯಿತು, ಆ ಹುಡುಗಿಯದು ಅಕ್ಕನಿಗೆ ಬಂತು. ಪ್ರೂಫಿನಲ್ಲಿ ಅಕ್ಕ ನೋಡಿದ್ದು ಬರೀ ಅಕ್ಷರ. ಫೋಟೋ ನೋಡಬೇಕಾದವನು ನಾನು, ನೋಡಲಿಲ್ಲ. ಪುಸ್ತಕ ಹಂಚಿ ಮುಗಿದ ಮೇಲೂ ಮನೆಯಲ್ಲಿ ಯಾರೂ ಅದನ್ನು ಬಿಡಿಸಲಿಲ್ಲ. ನಾವೇ ಮಾಡಿದ್ದು, ನೋಡುವುದೇನು ಎಂದುಕೊಂಡೆವು.

ಒಂದು ಭಾನುವಾರ ಕೆಂಗೇರಿಯಿಂದ ಗಂಡಿನ ಕಡೆಯವರು ಬಂದರು. ಅಮ್ಮ ಕೇಸರಿಬಾತು ಮಾಡಿದ್ದಳು. ಅಕ್ಕ ಕಾಫಿ ತಂದಿಟ್ಟಳು. ಹುಡುಗನ ತಾಯಿ ಅವಳನ್ನೊಮ್ಮೆ ನೋಡಿ, ಚೀಲದಿಂದ ಪುಸ್ತಕ ತೆಗೆದು ಅದನ್ನೊಮ್ಮೆ ನೋಡಿದರು.

"ಫೋಟೋದಲ್ಲಿರೋ ಹುಡುಗಿ ಎಲ್ಲಿ?"

ಅಕ್ಕ ಪುಸ್ತಕ ಇಸಿದುಕೊಂಡಳು. "ಫೋಟೋ ತಪ್ಪಾಗಿ ಅಚ್ಚಾಗಿದೆ. ಹೆಸರು ನಂದೇ," ಎಂದಳು. ಅವರು ಮುಖ ಮುಖ ನೋಡಿಕೊಂಡರು. ಅಕ್ಕ ತಾನೇ ಪುಟ ತಿರುವಿ, ಕೆಳಗೆ ಆ ಹುಡುಗಿಯ ಹೆಸರಿನ ಪಕ್ಕ ತನ್ನ ಮುಖವಿದ್ದ ಕಡೆ ಬೆರಳಿಟ್ಟು, "ನಿಮಗೆ ಬೇಕಾದವರ ವಿಳಾಸ ಇಲ್ಲಿದೆ, ಬರ್ಕೊಳ್ಳಿ," ಎಂದಳು. ಆ ತಾಯಿ ನಿಜಕ್ಕೂ ಬರೆದುಕೊಂಡರು! ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವರು ಹೋದ ಮೇಲೆ ಅಮ್ಮ, "ದೀಪದ ಕೆಳಗೇ ಕತ್ತಲು ಅಂತಾರಲ್ಲ, ಅದು ನೀನೇ ಕಣೋ," ಎಂದಳು. ಅಕ್ಕ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮುಂದಿನ ಪುಸ್ತಕಕ್ಕೆ ಹನ್ನೊಂದು ತಿಂಗಳಿತ್ತು. ಅಷ್ಟರೊಳಗೆ ಆ ತಂತ್ರಾಂಶಕ್ಕೆ ಮುಖ ತೋರಿಸುವ ಕಿಟಕಿಯೊಂದನ್ನು ನಾನೇ ಬರೆದು ಸೇರಿಸಬೇಕು, ಅಕ್ಕನಿಗೆ ಇನ್ನೊಂದು ಅವಕಾಶ ಸಿಗಬೇಕು. ತಲೆಯಲ್ಲಿ ಬೇರೇನೂ ಇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಸೆಕೆಂಡ್ ಹ್ಯಾಂಡ್ ಪುಸ್ತಕ ಇಟ್ಟುಕೊಂಡು, ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಪ್ರೋಗ್ರಾಮಿಂಗ್ ಕಲಿತೆ. ಇಡೀ ಫೋಲ್ಡರಿನ ಫೋಟೋಗಳನ್ನು ಒಟ್ಟಿಗೆ ತೆರೆಯಲು ಹೋದರೆ ಯಂತ್ರ ಸತ್ತ ಹಾಗೆ ನಿಂತುಬಿಡುತ್ತಿತ್ತು. ಹಿಂದಿನ ದಿನ ಓಡಿದ್ದು ಮರುದಿನ ಓಡುತ್ತಿರಲಿಲ್ಲ. ಕರೆಂಟು ಹೋದಾಗ ಕಾಗದದ ಮೇಲೆ ಬರೆದೆ. ಎಷ್ಟೋ ಸಲ ಕೀಬೋರ್ಡನ್ನು ಬೀದಿಗೆಸೆಯೋಣ ಅನ್ನಿಸಿತು. ನನ್ನ ಕೈಯಲ್ಲಿ ಆಗುವುದಿಲ್ಲ, ನಾನೊಬ್ಬ ಕೆಲಸಕ್ಕೆ ಬಾರದವನು ಎಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ.

ತಂತ್ರಾಂಶ ಕಟ್ಟುತ್ತಿದ್ದ ಪರದೇಶದ ಮಂದಿಗೆ ನಾನು ಬರೆದದ್ದನ್ನು ಕಳಿಸಿದಾಗ ಮೊದಲ ಸಲ ತಿರಸ್ಕರಿಸಿದರು, ಎರಡನೇ ಸಲ ಇಪ್ಪತ್ತು ತಪ್ಪು ತೋರಿಸಿದರು. ಇದಕ್ಕೆ ಯಾಕಿಷ್ಟು ಅವಸರ ಎಂದು ಒಬ್ಬ ಕೇಳಿದ. ನನ್ನ ಅಕ್ಕನ ಮದುವೆ ಎಂದು ಹೇಗೆ ಬರೆಯಲಿ? ಕೆಲಸ ಇದೆ ಎಂದಷ್ಟೇ ಬರೆದೆ. ಮೊದಲು ಫೋಟೋಗಳ ಸಣ್ಣ ಪ್ರತಿ ಮಾಡಿಟ್ಟುಕೊಂಡು, ಕಣ್ಣಿಗೆ ಬೀಳುವಷ್ಟನ್ನೇ ತೋರಿಸು ಎಂದು ಇನ್ನೊಬ್ಬ ದಾರಿ ಹೇಳಿಕೊಟ್ಟ. ಹತ್ತನೇ ತಿಂಗಳಲ್ಲಿ ಒಪ್ಪಿಕೊಂಡರು.

ಹೊಸ ಪುಸ್ತಕದ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿದೆ. ಈ ಸಲ ಅಕ್ಕನದೇ ಮೊದಲು. ಅವಳನ್ನು ಕರೆದು ಕುರ್ಚಿಯಲ್ಲಿ ಕೂರಿಸಿದೆ. ಪರದೆಯ ತುಂಬ ಸಾಲುಸಾಲು ಮುಖಗಳು. ಬೇಕಾದ ಮುಖವನ್ನು ಎಳೆದು ಚೌಕಕ್ಕೆ ಬಿಟ್ಟರೆ ಕೂತುಬಿಡುತ್ತದೆ, ಇನ್ನು ಜಪ್ಪಯ್ಯ ಅಂದರೂ ತಪ್ಪಾಗುವುದಿಲ್ಲ ಎಂದು ಒಂದೇ ಸಮನೆ ಹೇಳಿದೆ.

"ಚೆನ್ನಾಗಿ ಮಾಡಿದೀಯ," ಎಂದಳು. ಸ್ವಲ್ಪ ಹೊತ್ತು ಎಲ್ಲರನ್ನೂ ನೋಡಿದಳು. ಆಮೇಲೆ ತನ್ನ ಮುಖದ ಮೇಲೆ ಬಾಣದ ಗುರುತು ತಂದು ನಿಲ್ಲಿಸಿದಳು.

"ಇದನ್ನ ತೆಗೀಬೇಕಂದ್ರೆ ಏನು ಒತ್ತಬೇಕು?"

"ಯಾಕಕ್ಕ?"

"ಹೇಳೋ."

"ತೆಗೆಯೋಕೆ ಬಟನ್ ಇಟ್ಟಿಲ್ಲ ಅಕ್ಕ. ಇದು ನೋಡೋಕೆ, ಹಾಕೋಕೆ ಮಾತ್ರ."

"ಹಾಗಾದ್ರೆ ನೀನೇ ತೆಗೆದುಬಿಡು. ಸಾಕು ಕಣೋ ನನಗೆ."

ಈ ಒಂದು ವರ್ಷ ನಿನಗೆ ಇದು ಬೇಕೇ ಎಂದು ನಾನು ಅವಳನ್ನು ಒಂದು ಮಾತೂ ಕೇಳಿರಲಿಲ್ಲವೆಂದು ನನಗೆ ಹೊಳೆದದ್ದು ಆಗಲೇ. ಗೋಗರೆದೆ, ಕೈ ಹಿಡಿದುಕೊಂಡೆ. ಅವಳು ನನ್ನ ತಲೆ ನೇವರಿಸಿ, ಪ್ರೂಫಿನ ಹಾಳೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಆ ವರ್ಷದ ಪುಸ್ತಕದಲ್ಲಿ ಒಂದು ಫೋಟೋವೂ ಅದಲುಬದಲಾಗಲಿಲ್ಲ. ಅಕ್ಕನದು ಇರಲಿಲ್ಲ.