ಒಡೆದ ಹಸಿರು ಬಳೆ

ಹೋದ ತಿಂಗಳು ನನ್ನ ಮೊಣಕಾಲಿನ ಆಪರೇಷನ್ನಿಗೆ ಮುಂಚೆ, ನರ್ಸ್ ಹುಡುಗಿ ಬಟ್ಟಲಲ್ಲಿ ಸೋಪಿನ ನೀರು ತಂದಳು. ನನ್ನ ಗಾಜಿನ ಬಳೆಗಳನ್ನು ಒಂದೊಂದಾಗಿ ಜಾರಿಸುತ್ತಾ, "ನೋವಾದ್ರೆ ಹೇಳ್ರಿ ಅಜ್ಜಿ, ಅವಸರ ಇಲ್ಲ" ಅಂದಳು. ಆ ನೊರೆಯ ವಾಸನೆಗೆ ನನಗೆ ಅಳು ಬಂತು...

ನಾನು ಚಿಕ್ಕವಳಿದ್ದಾಗ ನ್ಯಾಮತಿಯ ನಮ್ಮ ಓಣಿಗೆ ಬಳೆಗಾರ್ತಿಯೊಬ್ಬಳು ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಬರುತ್ತಿದ್ದಳು. ನನ್ನದು ಒರಟು ಕೈ. ಅವಳು ಸೋಪು ಸವರಿ, ಹೆಬ್ಬೆರಳ ಬುಡ ಮೆತ್ತಗೆ ಒತ್ತಿ ಬಳೆ ಏರಿಸುವುದರೊಳಗೆ ಹತ್ತು ಸಲ "ನೋವಾತೇನವ್ವ?" ಅನ್ನುತ್ತಿದ್ದಳು. ಅವಳ ಕೈಯಲ್ಲಿ ನನ್ನದೊಂದು ಬಳೆಯೂ ಒಡೆದ ನೆನಪಿಲ್ಲ.

ಎಪ್ಪತ್ತರ ದಶಕದ ಕೊನೆಗೆ ನಾನು ನರ್ಸ್ ಆಗಿ ಬೇರೆ ಊರಿನ ಆಸ್ಪತ್ರೆ ಸೇರಿದೆ. ಬಿಳಿ ಟೋಪಿಯ ಜೊತೆ ಗತ್ತೂ ತಲೆಗೇರಿತ್ತು. ಒಂದು ಬೆಳಿಗ್ಗೆ ಹೊಟ್ಟೆಯ ಆಪರೇಷನ್ನಿಗೆ ಅವಳೇ ಬಂದಳು. ಬಳೆ ತೆಗೆಸಲು ನಾನು ಕೈ ಹಿಡಿದೊಡನೆ ನನ್ನನ್ನು ಗುರುತಿಸಿದಳು.

"ಈ ಕೈಗೆ ನಾನೇ ಬಳೆ ಇಡ್ಸೀನಿ. ನ್ಯಾಮ್ತಿ ಹುಡುಗಿ ಅಲ್ಲೇನವ್ವ ನೀನು?"

ಪಕ್ಕದಲ್ಲಿ ಹೆಡ್ ನರ್ಸ್ ನಿಂತಿದ್ದರು. ಬಳೆಗಾರ್ತಿಯ ಪರಿಚಯ ಹೇಳಿಕೊಳ್ಳಲು ನಾಚಿಕೆಯಾಗಿ "ನಾನಲ್ಲ" ಅಂದುಬಿಟ್ಟೆ.

"ಹಂಗಾರೆ ಒಂಚೂರು ಸೋಪು ಕೊಡ್ರಿ. ನಾನೇ ತೆಗೀತೀನಿ, ಆಮ್ಯಾಲೆ ಇಟ್ಕಂತೀನಿ. ಒಡೀಬ್ಯಾಡ್ರಿ, ನಮ್ಮನೆಯೋರು ಹೊರಗೇ ಕುಂತಾರೆ."

ಗಂಡ ಬದುಕಿರುವಾಗ ಹೆಂಗಸಿನ ಬಳೆ ಒಡೆಯುವುದೆಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸೋಪು ಹಚ್ಚಿದ್ದರೆ ಐದು ನಿಮಿಷದ ಕೆಲಸ. ಅಷ್ಟರಲ್ಲಿ ಒಳಗಿನಿಂದ ಡಾಕ್ಟರು ಕೂಗಿದರು. ನಾನು ಕತ್ತರಿಯ ಹಿಡಿಯಿಂದ ಆ ಹಸಿರು ಬಳೆಗಳನ್ನು ಪಟಪಟನೆ ಒಡೆದೆ. ಅವಳು ಕಣ್ಣು ಮುಚ್ಚಿಕೊಂಡಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಆಮೇಲೆ ಗಂಡ ಗಂಜಿ ತಂದಾಗಲೆಲ್ಲ ಅವಳು ಎರಡೂ ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡು ಬಾಯಿ ತೆರೆಯುತ್ತಿದ್ದಳು, ಅವನು ಕುಡಿಸುತ್ತಿದ್ದ. ಎಂಥಾ ಪ್ರೀತಿ ಎಂದು ವಾರ್ಡಿನವರು ನಗುತ್ತಿದ್ದರು. ಅವಳು ಬರಿಗೈ ಬಚ್ಚಿಡುತ್ತಿದ್ದಾಳೆಂದು ಗೊತ್ತಿದ್ದವಳು ನಾನೊಬ್ಬಳೇ. ದಿನಕ್ಕೆ ನಾಲ್ಕು ಸಲ ಆ ಮಂಚ ದಾಟಿದೆ, ಒಂದು ಮಾತೂ ಆಡಲಿಲ್ಲ. ಥೂ ನನ್ನ ಜನ್ಮಕ್ಕಿಷ್ಟು!

ರಜೆಗೆ ಊರಿಗೆ ಹೋದಾಗಲೆಲ್ಲ ಅವಳ ಮನೆಗೆ ಹೋಗಿ ತಪ್ಪಾಯಿತು ಅನ್ನಬೇಕೆಂದುಕೊಳ್ಳುತ್ತಿದ್ದೆ. ಇವತ್ತು, ನಾಳೆ ಅನ್ನುವುದರೊಳಗೆ ಅವಳು ತೀರಿಕೊಂಡ ಸುದ್ದಿ ಬಂತು...

"ನೋವಾತೇನ್ರೀ ಅಜ್ಜಿ?" ನರ್ಸ್ ಹುಡುಗಿ ಗಾಬರಿಯಿಂದ ಕೇಳಿದಳು. ಇಲ್ಲವೆಂದು ತಲೆಯಾಡಿಸಿದೆ. ಅವಳು ನನ್ನ ಬಳೆಗಳನ್ನು ಒರೆಸಿ, ಕರವಸ್ತ್ರದಲ್ಲಿ ಕಟ್ಟಿ, ಒಂದೂ ಒಡೆದಿಲ್ಲವೆನ್ನುತ್ತಾ ಹೊರಗೆ ಕೂತಿದ್ದ ನಮ್ಮನೆಯವರ ಕೈಗೆ ಕೊಟ್ಟಳು.