ಮಗ್ಗುಲು ಬದಲಿಸಿದ ಕೆಂಪು ಚುಕ್ಕೆ

ಹೊಸಪೇಟೆಯಿಂದ ಸಂಡೂರಿನ ಕಡೆಗಿರುವ ಒಂದು ಸಣ್ಣ ಉಕ್ಕಿನ ಕಾರ್ಖಾನೆಯಲ್ಲಿ ನನ್ನದು ವಿಕಿರಣ ಸುರಕ್ಷತೆಯ ಕೆಲಸ. ಕರಗಿಸಲು ಬರುವ ಗುಜರಿಯಲ್ಲಿ ವಿಕಿರಣ ಸೂಸುವ ವಸ್ತುವೇನಾದರೂ ಸೇರಿಕೊಂಡಿದ್ದರೆ, ಕುಲುಮೆಗೆ ಬೀಳುವ ಮೊದಲೇ ಹಿಡಿಯಬೇಕು. ಅದಕ್ಕೆಂದೇ ಗೇಟಿನ ಎರಡೂ ಬದಿಗೆ ಪತ್ತೆಯಂತ್ರದ ಕಂಬಗಳಿವೆ. ನಾನು ಸೇರಿದಾಗಿನಿಂದ ಅವು ಒಮ್ಮೆಯೂ ಕೂಗಿರಲಿಲ್ಲ.

ಅವತ್ತು ಮಧ್ಯಾಹ್ನ ಕೂಗಿದವು.

ಲಾರಿ ಬಳ್ಳಾರಿಯಿಂದ ಬಂದಿತ್ತು. ನಮ್ಮ ಭದ್ರತಾ ಅಧಿಕಾರಿ ದಿಟ್ಟ ಹೆಜ್ಜೆಗಳನ್ನಿಟ್ಟು ಕ್ಯಾಂಟೀನಿನ ಹಿಂದಕ್ಕೆ ಹೋದರು. ಅಲ್ಲಿಂದ ಫೋನಿನಲ್ಲಿ ಅಪ್ಪಣೆ ಕೊಡತೊಡಗಿದರು. ನಾನು ಡ್ರೈವರನನ್ನು ಕೆಳಗಿಳಿಸಿ ದೂರ ನಿಲ್ಲಿಸಿದೆ.

"ಒಳಗ ಮತ್ತ್ಯಾರರ ಅದಾರೇನ್ರಿ?"

"ಯಾರೂ ಇಲ್ರಿ ಮೇಡಂ. ಒಬ್ನ ಬಂದೀನಿ," ಎಂದು ಆತ ಹಣೆ ಒರೆಸಿಕೊಂಡ.

ನಮ್ಮಲ್ಲಿ ಹೊಸ ಗಾಮಾ ಕ್ಯಾಮೆರಾ ಒಂದಿತ್ತು, ಊಟದ ಡಬ್ಬಿಯಷ್ಟು ದೊಡ್ಡದು. ಅಧಿಕಾರಿಯ ಪ್ರಕಾರ ಅದು ದಂಡದ ಖರ್ಚು. ಕಣ್ಣಿಗೆ ಕಾಣದ ಗಾಮಾ ಕಿರಣ ಎಲ್ಲಿಂದ ಹೊರಡುತ್ತಿದೆ ಎಂದು ಅದು ಹುಡುಕುತ್ತದೆ. ಮೂರು ಕಡೆಯಿಂದ ಲಾರಿಯತ್ತ ಹಿಡಿದೆ. ಲ್ಯಾಪ್‌ಟಾಪಿನಲ್ಲಿ ಇಡೀ ಲಾರಿ ಮೂರು ಆಯಾಮದಲ್ಲಿ ಮೂಡಿತು. ಕೆಂಪು ಚುಕ್ಕೆ ಇದ್ದದ್ದು ಗುಜರಿಯಲ್ಲಲ್ಲ, ಡ್ರೈವರನ ಸೀಟಿನ ಹಿಂದೆ, ಪರದೆ ಕಟ್ಟಿದ ಮಲಗುವ ಹಲಗೆಯ ಮೇಲೆ!

ಈ ಮನುಷ್ಯ ಏನನ್ನು ಬಚ್ಚಿಟ್ಟಿದ್ದಾನೆ? ಖಾತ್ರಿಗೆಂದು ಮತ್ತೊಮ್ಮೆ ಹಿಡಿದೆ. ಚುಕ್ಕೆ ಒಂದು ಗೇಣು ಬಾಗಿಲ ಕಡೆ ಸರಿದಿತ್ತು. ಕಬ್ಬಿಣ ಹೊರಳಿ ಮಲಗುವುದಿಲ್ಲ. ಅಷ್ಟರಲ್ಲಿ ಯಂತ್ರ ಆ ವಸ್ತುವಿನ ಹೆಸರನ್ನೂ ತೋರಿಸಿತು: ಟೆಕ್ನೀಶಿಯಂ. ಸ್ಕ್ಯಾನ್ ಮಾಡುವಾಗ ಆಸ್ಪತ್ರೆಯಲ್ಲಿ ಚುಚ್ಚುಮದ್ದಾಗಿ ಕೊಡುವಂಥದ್ದು. ನನಗೆಲ್ಲ ಅರ್ಥವಾಯಿತು.

ಆಗಲೇ ಹೇಳಿಬಿಡಬೇಕಿತ್ತು. ಆದರೆ ಕ್ಯಾಂಟೀನಿನ ಮರೆಯಿಂದ ಇಣುಕುತ್ತಿದ್ದ ಅಧಿಕಾರಿಯ ಮುಖ ನೋಡಿ ಮನಸ್ಸು ತಡೆಯಲಿಲ್ಲ.

"ಸರ್, ಅದು ಮಗ್ಗಲಾ ಬದಲಿಸ್ತು," ಎಂದೆ ಫೋನಿನಲ್ಲಿ.

ಇಣುಕುತ್ತಿದ್ದ ಮುಖ ಮರೆಯಾಯಿತು. "ಅಂದ್ರ... ಜೀವಂತ ಐತೇನ್ರಿ?"

"ಗೊರಕಿ ಹೊಡಿಯಾಕತ್ತೈತೇನೋ, ಹತ್ರ ಹೋಗಿ ಕೇಳ್ತೀನ್ರಿ."

ಲಾರಿ ಹತ್ತಿ, ಪರದೆ ಸರಿಸಿದೆ. ಕೈಚೀಲ ತಲೆದಿಂಬು ಮಾಡಿಕೊಂಡಿದ್ದ ಅಜ್ಜಿಯೊಬ್ಬಳು ಕಣ್ಣುಜ್ಜುತ್ತ ಎದ್ದು ಕೂತಳು. "ಪಾಪಿನಾಯಕನಹಳ್ಳಿ ಬಂತೇನವಾ?"

ಆಕೆ ಡ್ರೈವರನ ಅತ್ತೆ. ಬೆಳಿಗ್ಗೆ ಬಳ್ಳಾರಿಯಲ್ಲಿ ಹೃದಯದ ಸ್ಕ್ಯಾನ್ ಮಾಡಿಸಿಕೊಂಡು ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಹಿರಿಮಗಳ ಊರಿಗೆ ಹೊರಟಿದ್ದಳು. ಲಾರಿಯಲ್ಲಿ ಹೊರಗಿನವರನ್ನು ಒಳಗೆ ತರುವಂತಿರಲಿಲ್ಲ. ಅಳಿಯ ಅದಕ್ಕೇ ಮುಚ್ಚಿಟ್ಟಿದ್ದ. "ತಪ್ಪಾತ್ರಿ ಮೇಡಂ, ಬಸ್ಸಿನಾಗ ನಿಲ್ಲಾಕ ಆಗಂಗಿಲ್ಲಂದ್ಳು," ಎಂದು ಕೈ ಮುಗಿದ. ಆಕೆ ಇಳಿದ ಮೇಲೆ ಲಾರಿಯನ್ನು ಮತ್ತೆ ಗೇಟು ದಾಟಿಸಿದೆವು. ಕಂಬಗಳು ತೆಪ್ಪಗಿದ್ದವು. ಅಧಿಕಾರಿ ಈಗ ಹೊರಬಂದು ಅವನಿಗೆ ಚೆನ್ನಾಗಿ ಬೈದರು. ಆಮೇಲೆ ಅಜ್ಜಿಗೆ ತಾವೇ ಕುರ್ಚಿ ಹಾಕಿಸಿದರು.

ನಾನು ಚಿತ್ರ ತೋರಿಸಿದೆ. ಅಜ್ಜಿ ಕೆಂಪು ಚುಕ್ಕೆಯ ಮೇಲೆ ಬೆರಳಿಟ್ಟಳು.

"ಇದು ನನ್ನ ಹೃದಯಾನವಾ?"

"ಹೃದಯ ಒಂದ ಅಲ್ಲಜ್ಜಿ. ಪಿತ್ತಕೋಶ, ಕರುಳು ಎಲ್ಲಾ ಕೂಡ್ಯಾವು."

"ಮತ್ತ ಚಲೋ ಐತೇನು ನೋಡಿ ಹೇಳು."

"ಎಲ್ಲೈತಿ ಅಂತ ಅಷ್ಟ ಹೇಳ್ತೀನಿ. ಹೆಂಗೈತಿ ಅನ್ನೋದು ಡಾಕ್ಟರು ಹೇಳ್ಬೇಕು. ನೀರು ಭಾಳ ಕುಡೀರಿ. ಇವತ್ತೊಂದಿನ ಮೊಮ್ಮಕ್ಕಳನ್ನ ತೊಡಿ ಮ್ಯಾಲ ಕೂಡಿಸ್ಕೋಬ್ಯಾಡ್ರಿ."

ಅಜ್ಜಿಯ ಮುಖ ಅರಳಿತು. "ಒಂದ ದಿನಾನ? ಒಂದು ವಾರ ಅಂತ ಚೀಟಿ ಬರ್ದು ಕೊಡಬಾರ್ದೇನವಾ?"